ಅಟ್ಟದ ಮೇಲಿನ ವೀಣೆ: ತಪ್ಪು ಕಿವಿಯದೋ, ಕುದುರೆಯದೋ?

ಕೊಳ್ಳೇಗಾಲದಲ್ಲಿ ಒಂದು ಹೆಂಚಿನ ಮನೆ ಎಂದುಕೊಳ್ಳಿ. ಅಟ್ಟದ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಅಜ್ಜಿಯ ವೀಣೆ. ಎಂಟನೇ ತರಗತಿಯ ಮೊಮ್ಮಗಳು ಸಂಗೀತಪಾಠಕ್ಕೆ ಸೇರಿದ್ದಾಳೆ. ಮನೆಯಲ್ಲೇ ಒಂದು ವೀಣೆ ಇರುವಾಗ ಹೊಸದಕ್ಕೆ ದುಡ್ಡು ಸುರಿಯುವುದೇಕೆ ಎಂದು ಅಪ್ಪ ಅದನ್ನು ಕೆಳಗಿಳಿಸಿ, ದೂಳು ಒರೆಸಿ, ಪೇಟೆಯಿಂದ ತಂತಿ ತಂದು ಕಟ್ಟಿಸುತ್ತಾರೆ. ಮೂರು ತಿಂಗಳು ಕಳೆಯುತ್ತದೆ. ಸರಳೆ ವರಸೆ ಕೆಳಗಿನ ಸ್ವರಗಳಲ್ಲಿ ಚೆನ್ನಾಗಿಯೇ ಇರುತ್ತದೆ. ಮೇಲೆ ಹೋದಂತೆ ಏನೋ ಕಿರಿಕಿರಿ. ತಾರ ಷಡ್ಜ ತಂಬೂರಿಗೆ ಸೇರುವುದೇ ಇಲ್ಲ. ಕೊನೆಗೊಂದು ದಿನ ಅಪ್ಪ ತೀರ್ಪು ಕೊಡುತ್ತಾರೆ: "ನಿನಗೆ ಶ್ರುತಿಜ್ಞಾನ ಸಾಲದು ಕಣಮ್ಮ, ಸುಮ್ಮನೆ ಓದಿನ ಕಡೆ ನೋಡು."

ಮಗುವನ್ನು ಪರೀಕ್ಷಿಸಿದ್ದಾಯಿತು, ನಪಾಸು ಮಾಡಿದ್ದೂ ಆಯಿತು. ವೀಣೆಯನ್ನು ಮಾತ್ರ ಯಾರೂ ಪರೀಕ್ಷಿಸಲಿಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಹಳೆಯ ಗಿಟಾರನ್ನು ಕೊಳ್ಳುವವರು ಕನ್ನಡಿ, ಅಳತೆಪಟ್ಟಿ, ದೀಪ ಹಿಡಿದು ಡಾಕ್ಟರು ರೋಗಿಯನ್ನು ನೋಡುವಂತೆ ನೋಡುತ್ತಾರೆ. ಹತ್ತೊಂಬತ್ತನೇ ಶತಮಾನದ ಸ್ಪೇನಿನಲ್ಲಿ ಆಂಟೋನಿಯೊ ಡಿ ಟೊರೆಸ್ ರೂಪಿಸಿದ ಮಾದರಿಯ ಗಿಟಾರಿನಲ್ಲಿ ಎರಡು ಮೂರು ಮಿಲಿಮೀಟರ್ ದಪ್ಪದ ಹಲಗೆಯೊಂದು ಸುಮಾರು 40 ಕಿಲೋಗ್ರಾಂ ಭಾರದಷ್ಟು ಎಳೆತವನ್ನು ಹಗಲೂ ರಾತ್ರಿ ತಾಳಿಕೊಂಡಿರುತ್ತದೆ. ಆದ್ದರಿಂದ ಹಲಗೆ ಉಬ್ಬಿದೆಯೇ, ಕತ್ತು ಬಾಗಿದೆಯೇ, ಕುದುರೆ ಕಿತ್ತು ಬರುತ್ತಿದೆಯೇ ಎಂದು ನೋಡದೆ ಯಾರೂ ದುಡ್ಡು ಬಿಚ್ಚುವುದಿಲ್ಲ. (ಆ ಗಿಟಾರುಗಳಲ್ಲಿ ಅನೇಕದರ ಬೆನ್ನು ನಮ್ಮ ಪಶ್ಚಿಮ ಘಟ್ಟದ ಬೀಟೆ ಮರದ್ದು ಎಂಬುದು ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ.) ನಮ್ಮ ವೀಣೆಯ ವಿಷಯದಲ್ಲಿ ಹಾಗಲ್ಲ. ಅದು ಸರಸ್ವತಿ, ಕುಂಕುಮ ಇಟ್ಟು ಕೈಮುಗಿಯುತ್ತೇವೆ. ಕೈಮುಗಿಯುವುದು ಸರಿಯೇ, ಜೊತೆಗೆ ಒಮ್ಮೆ ಟೇಪು ಹಿಡಿದು ಅಳೆದರೆ ಅವಳೇನೂ ಕೋಪಿಸಿಕೊಳ್ಳಲಾರಳು.

ಎಲ್ಲಿಯ ವೀಣೆ?

ಈ ಸೀಮೆಯ ಅಟ್ಟಗಳಲ್ಲಿ ಸಿಗುವ ವೀಣೆ ಯಾವ ಕಡೆಯದು ಎಂದು ನೋಡದೆ ಹೇಳುವಂತಿಲ್ಲ. ಕೊಳ್ಳೇಗಾಲ, ಅದರೊಡನಿದ್ದ ಹನೂರು, 1956ರವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಪಕ್ಕದ ಯಳಂದೂರಾದರೋ ಮೈಸೂರು ಸಂಸ್ಥಾನದ್ದು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದದ್ದು. ಎರಡು ಊರಿಗೂ ನಡುವೆ ಬೆಳಗಿನ ವಾಕಿಂಗ್ ಮುಗಿಸುವಷ್ಟಲ್ಲದಿದ್ದರೂ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆದರೆ ಒಂದು ಊರಿನ ಸಂಬಂಧಗಳು ತಂಜಾವೂರಿನ ಕಡೆಗೂ ಚಾಚಿರಬಹುದು, ಇನ್ನೊಂದರವು ವೀಣೆ ಶೇಷಣ್ಣನವರ ಮೈಸೂರಿನ ಕಡೆಗೆ. ತಂಜಾವೂರಿನ ವೀಣೆ ಹಲಸಿನ ಮರದ್ದು. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮೈಸೂರಿನ ಕಡೆ ಬೀಟೆಯನ್ನೂ ಬಳಸಿದ್ದುಂಟು.

ಊರಿಗಿಂತ ಮುಖ್ಯವಾದ ಪ್ರಶ್ನೆ, ವೀಣೆ ಒಂದೇ ದಿಮ್ಮಿಯಲ್ಲಿ ಕೊರೆದದ್ದೋ, ಕೊಡ ಮತ್ತು ದಂಡಿಯನ್ನು ಬೇರೆಬೇರೆ ಮಾಡಿ ಜೋಡಿಸಿದ್ದೋ ಎಂಬುದು. ಒಂದೇ ದಿಮ್ಮಿಯದಾದರೆ ಅದು ಏಕಾಂಡ ವೀಣೆ. ಜೋಡಿಸಿದ್ದಾದರೆ ಕೊಡ ಮತ್ತು ದಂಡಿ ಸೇರುವ ಕಡೆ ಅಲಂಕಾರದ ಪಟ್ಟಿಯ ಕೆಳಗೆ ಬೆಸುಗೆಯ ಗೆರೆ ಇರುತ್ತದೆ. ಅಲ್ಲೊಂದು ತೆಳು ಕಾಗದವನ್ನು ತೂರಿಸಿ ನೋಡಬೇಕು. ಕಾಗದ ಒಳಗೆ ಹೋದರೆ ಬೆಸುಗೆ ಬಿಟ್ಟಿದೆ ಎಂದರ್ಥ. ಆಗ ತಂತಿ ಬಿಗಿ ಮಾಡುವ ಮಾತೇ ಬೇಡ. ಎಳೆತ ಹೆಚ್ಚಿದಷ್ಟೂ ಬಿರುಕು ಬಾಯಿ ಬಿಡುತ್ತದೆ.

ಮರದ ಮಾತು

ಮರ ಸತ್ತ ಮೇಲೂ ಗಾಳಿಯ ತೇವ ಕುಡಿಯುತ್ತದೆ, ಬಿಡುತ್ತದೆ. ಕುಡಿದಾಗ ಹಿಗ್ಗುವುದು ಉದ್ದಕ್ಕಲ್ಲ, ಅಡ್ಡಕ್ಕೆ. ಕುಗ್ಗುವುದೂ ಹಾಗೆಯೇ. ಅದಕ್ಕೇ ಒಣಬಿರುಕುಗಳು ಯಾವಾಗಲೂ ಎಳೆಯ ಗುಂಟ ಉದ್ದುದ್ದಕ್ಕೆ ಬರುತ್ತವೆ. ಕೊಡದ ಮೇಲಿನ ಹಲಗೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕೊಂದು ಎಳೆಯ ಗುಂಟವೇ ಇದ್ದರೆ ಗಾಬರಿ ಬೇಡ, ದುರಸ್ತಿಯಾಗುತ್ತದೆ. ಎಳೆಯನ್ನು ಅಡ್ಡ ಕತ್ತರಿಸಿಕೊಂಡು ಹೋದ ಬಿರುಕು ಮಾತ್ರ ಪೆಟ್ಟಿನದು. ಎಲ್ಲೋ ಬಿದ್ದಿದೆ ಅಥವಾ ಅದರ ಮೇಲೇನೋ ಬಿದ್ದಿದೆ. ಮನೆಯಲ್ಲಿ ಯಾರೂ ಒಪ್ಪಿಕೊಳ್ಳದಿದ್ದರೂ ಮರ ಸಾಕ್ಷಿ ಹೇಳುತ್ತದೆ.

ಹುಳು ಹಿಡಿದಿದೆಯೇ ಎಂಬುದಕ್ಕೆ ಮಕ್ಕಳೇ ಮಾಡಬಹುದಾದ ಪ್ರಯೋಗ ಒಂದುಂಟು. ಸೂಜಿಮೊನೆಯಷ್ಟು ತೂತುಗಳು ಕಂಡರೆ ವೀಣೆಯ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ರಾತ್ರಿ ಬಿಡಬೇಕು. ಬೆಳಿಗ್ಗೆ ಕಾಗದದ ಮೇಲೆ ಹಿಟ್ಟಿನಂಥ ಹೊಸ ಪುಡಿ ಉದುರಿದ್ದರೆ ಹುಳು ಒಳಗೇ ಇರುವ ಅನುಮಾನ ಬಲವಾಗುತ್ತದೆ. ಪುಡಿ ಇಲ್ಲದಿದ್ದರೆ ತೂತುಗಳು ಹಳೆಯ ಕಥೆ ಇರಬಹುದು. ಗೆದ್ದಲಾದರೆ ದಂಡಿಯನ್ನು ಬೆರಳಗಂಟಿನಿಂದ ತಟ್ಟುತ್ತಾ ಹೋದಾಗ ಒಂದು ಕಡೆ ಸದ್ದು ಇದ್ದಕ್ಕಿದ್ದಂತೆ ಸಪ್ಪೆಯಾಗುತ್ತದೆ. ತೇವ ಆರಲಿ ಎಂದು ಬಿಸಿಲಿಗೆ ಇಡುವವರಿದ್ದಾರೆ. ಹಪ್ಪಳಕ್ಕೆ ಮಾಡುವ ಉಪಚಾರವನ್ನು ವೀಣೆಗೆ ಮಾಡಬಾರದು.

ದಂಡಿಯ ಬಾಗನ್ನು ನೋಡಲು ಬಡಗಿಯ ಉಪಾಯ ಸಾಕು. ಯಾಳಿಮುಖದ ಕಡೆಯಿಂದ ಒಂದು ಕಣ್ಣು ಮುಚ್ಚಿ ಮೆಟ್ಟಿಲುಗಳ ಸಾಲಿನ ಗುಂಟ ನೋಡಬೇಕು. ಇಪ್ಪತ್ತನಾಲ್ಕು ಮೆಟ್ಟಿಲುಗಳ ತಲೆ ಒಂದೇ ಇಳಿಜಾರಿನಲ್ಲಿ ಕಾಣಬೇಕು. ನಡುವೆ ಎರಡು ಮೂರು ಮಾತ್ರ ತಗ್ಗಿದ್ದರೆ ತಪ್ಪು ಬಹುಶಃ ದಂಡಿಯದಲ್ಲ, ಮೇಣದ್ದು. ವೀಣೆಯ ಮೆಟ್ಟಿಲುಗಳು ನಿಂತಿರುವುದು ಮಸಿ ಬೆರೆಸಿದ ಜೇನುಮೇಣದ ಮೇಲೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೆಜ್ಜೇನು ಬಿಡಿಸಿದಾಗ ಸಿಗುತ್ತದಲ್ಲ, ಅಂಥ ಮೇಣ. ಅದು ಕರಗಲು 62 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖ ಬೇಕು. ಆದರೆ ಮೆತ್ತಗಾಗಲು ಅಷ್ಟು ಬೇಡ. ಹನೂರಿನ ಕಡೆಯ ಬೇಸಿಗೆಯಲ್ಲಿ ಹೆಂಚಿನ ಕೆಳಗಿನ ಅಟ್ಟವೇ ಸಾಕು. ವರ್ಷ ವರ್ಷ ಮೆತ್ತಗಾಗಿ ಗಟ್ಟಿಯಾಗಿ ಮೇಣ ಜರುಗುತ್ತದೆ, ಮೆಟ್ಟಿಲು ಅದರೊಂದಿಗೆ ವಾಲುತ್ತದೆ. ಇದು ರೋಗವಲ್ಲ, ವಯಸ್ಸು. ಮೇಣವನ್ನು ಹೊಸದಾಗಿ ಹಾಕಿ ಮೆಟ್ಟಿಲು ಕೂರಿಸುವ ಕೆಲಸ ವೀಣೆಯ ಬಾಳಿನಲ್ಲಿ ಹಲವು ಸಲ ಆಗುವಂಥದೇ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ

ಇಷ್ಟಾದರೂ ಮಗುವಿನ ಕಿವಿಯ ಮೇಲಿನ ಆಪಾದನೆ ಹಾಗೇ ಇದೆ. ಅದನ್ನು ತೀರ್ಮಾನಿಸಲು ಪ್ರೌಢಶಾಲೆಯ ಭೌತವಿಜ್ಞಾನ ಸಾಕು. ಎಳೆತ ಒಂದೇ ಇದ್ದಾಗ ತಂತಿಯ ಉದ್ದ ಅರ್ಧವಾದರೆ ಕಂಪನಾಂಕ ಎರಡು ಪಟ್ಟಾಗುತ್ತದೆ. ಹಾಗಾಗಿ ಸಾರಣಿಯ ಹನ್ನೆರಡನೇ ಮೆಟ್ಟಿಲು ಮೇರುವಿಗೂ ಕುದುರೆಗೂ ನಟ್ಟನಡುವೆ ಇರಬೇಕು. ನಿಜವಾಗಿ ಮೇರುವಿನ ಕಡೆಗೆ ಸ್ವಲ್ಪವೇ ಸ್ವಲ್ಪ ಸರಿದಿರುತ್ತದೆ; ಬೆರಳೊತ್ತಿದಾಗ ತಂತಿ ಒಂದಿಷ್ಟು ಬಿಗಿಯಾಗಿ ಸ್ವರ ಏರುವುದನ್ನು ಹಿಂದಿನ ಕುಶಲಕರ್ಮಿಗಳು ಕಿವಿಯಿಂದಲೇ ಲೆಕ್ಕ ಹಾಕಿ ಸರಿದೂಗಿಸಿದ್ದರು.

ಮೊದಲು ತುಕ್ಕು ಹಿಡಿದ ತಂತಿ ಬದಲಾಗಬೇಕು. ತುಕ್ಕಿನಿಂದ ತಂತಿಯ ತೂಕ ಎಲ್ಲ ಕಡೆ ಸಮವಾಗಿರುವುದಿಲ್ಲ, ಅದು ಹೇಳುವುದೆಲ್ಲ ಸುಳ್ಳು. ಆಮೇಲೆ ಹನ್ನೆರಡನೇ ಮೆಟ್ಟಿಲಿನ ನೇರಕ್ಕೆ ತಂತಿಯನ್ನು ಒತ್ತದೆ, ಬೆರಳನ್ನು ಹೂವಿನಂತೆ ತಾಗಿಸಿ ಮೀಟಿ, ತಕ್ಷಣ ಬೆರಳು ತೆಗೆಯಬೇಕು. ಗಂಟೆಯ ನಾದದಂಥ ಸ್ವರವೊಂದು ಕೇಳುತ್ತದೆ. ಇದು ತಂತಿ ತಾನೇ ಎರಡು ಭಾಗವಾಗಿ ಕಂಪಿಸಿ ಹೇಳುವ ಷಡ್ಜ. ಇದರಲ್ಲಿ ಮೆಟ್ಟಿಲಿನ ಪಾತ್ರವಿಲ್ಲ. ಈಗ ಅದೇ ಮೆಟ್ಟಿಲಿನ ಮೇಲೆ ಒತ್ತಿ ಮೀಟಬೇಕು. ಎರಡೂ ಒಂದೇ ಆಗಿದ್ದರೆ ಆ ಮೆಟ್ಟಿಲಿನ ಮಟ್ಟಿಗೆ ವೀಣೆ ನಿರ್ದೋಷಿ. ಬೇರೆಯಾಗಿದ್ದರೆ ಮಗುವನ್ನು ಬೈದದ್ದಕ್ಕೆ ಅಪ್ಪ ಉತ್ತರ ಹುಡುಕಿಕೊಳ್ಳಬೇಕು. ಕಿವಿಯ ಮೇಲೆ ನಂಬಿಕೆ ಇಲ್ಲದವರು ಮೊಬೈಲಿನ ಶ್ರುತಿ ಅಳೆಯುವ ಆ್ಯಪ್ ಬಳಸಬಹುದು.

ಬೇರೆಯಾದಾಗ ಎಲ್ಲರೂ ಮೊದಲು ಮೇಣವನ್ನು ದೂರುತ್ತಾರೆ. ದೂರಬೇಕಾದದ್ದು ಬಹಳ ಸಲ ಕುದುರೆಯನ್ನು. ಸಾಮಾನ್ಯವಾಗಿ ವೀಣೆಯ ಕುದುರೆಯನ್ನು ಅದರ ಜಾಗದಲ್ಲಿ ಹಿಡಿದಿಡುವುದು ತಂತಿಗಳ ಒತ್ತಡ. ಎಲ್ಲ ತಂತಿಗಳನ್ನೂ ಒಟ್ಟಿಗೆ ಬಿಚ್ಚಿದರೆ ಅದು ಜರುಗುತ್ತದೆ. ಹೊಸ ತಂತಿ ಕಟ್ಟುವವರು ಕಣ್ಣಂದಾಜಿನಲ್ಲಿ ಎಲ್ಲೋ ಇಡುತ್ತಾರೆ. ಲೆಕ್ಕ ನೋಡಿ: ಮೇರುವಿನಿಂದ ಕುದುರೆಗೆ 84 ಸೆಂಟಿಮೀಟರ್ ಇದ್ದು, ಕುದುರೆ 1 ಸೆಂಟಿಮೀಟರ್ ಮುಂದೆ ಬಂತು ಎನ್ನಿ. ಪೂರ್ತಿ ತಂತಿ 83, ಹನ್ನೆರಡನೇ ಮೆಟ್ಟಿಲಿನಿಂದ ಆಚೆ 41. ಭಾಗಿಸಿದರೆ 2 ಬರಬೇಕಾದಲ್ಲಿ 2.024 ಬರುತ್ತದೆ. ಎಂದರೆ ತಾರ ಷಡ್ಜ, ಪಕ್ಕದ ಮೆಟ್ಟಿಲಿಗಿರುವ ಅಂತರದ ಐದನೇ ಒಂದು ಭಾಗದಷ್ಟು ಏರಿ ಕೂತಿದೆ. ಮೇಲಿನ ಸ್ವರಗಳಲ್ಲಿ ದೋಷ ಇನ್ನೂ ಹೆಚ್ಚು, ಕೆಳಗಿನವುಗಳಲ್ಲಿ ಕಡಿಮೆ. ಆ ಹುಡುಗಿ ಹೇಳಿದ್ದೂ ಅದನ್ನೇ ಅಲ್ಲವೆ? ಕೆಳಗೆ ಸರಿ, ಮೇಲೆ ಹೋದಂತೆ ಕಿರಿಕಿರಿ. ಕಿವಿ ಇಲ್ಲದವಳಿಗೆ ಅದು ಗೊತ್ತಾಗುವುದು ಹೇಗೆ?

ಕುದುರೆಯ ಮೇಲಿನ ಲೋಹದ ತಗಡನ್ನೂ ನೋಡಬೇಕು. ಅದು ಚಪ್ಪಟೆಯಲ್ಲ, ಮೆಲ್ಲಗೆ ಬಾಗಿದೆ. ತಂತಿಯನ್ನು ನಡುವೆ ಮೀಟಿದರೆ ಎರಡು ಪಟ್ಟು ಕಂಪನಾಂಕದ ಉಪಸ್ವರ ಹುಟ್ಟಬಾರದು ಎಂಬುದು ಪಠ್ಯಪುಸ್ತಕದ ನಿಯಮ. ವೀಣೆ, ತಂಬೂರಿಗಳು ಈ ನಿಯಮವನ್ನು ಮೀರುತ್ತವೆ. ತಂತಿ ಆ ಬಾಗಿದ ಮೈಯನ್ನು ಸವರಿಕೊಂಡು ಕಂಪಿಸುವುದೇ ಕಾರಣ ಎಂದು ಸಿ.ವಿ. ರಾಮನ್ ಕಲ್ಕತ್ತದಲ್ಲಿದ್ದಾಗ, 1921ರ ಪ್ರಬಂಧದಲ್ಲಿ ತೋರಿಸಿದರು. ನೊಬೆಲ್ ಬಂದದ್ದು ಒಂಬತ್ತು ವರ್ಷಗಳ ಮೇಲೆ, ಬೆಳಕಿನ ಕೆಲಸಕ್ಕೆ. ವೀಣೆಯ ಕೆಲಸ ಅದಕ್ಕೂ ಮೊದಲಿನದು. ಅಷ್ಟು ನಾಜೂಕಾದ ಈ ತಗಡಿನಲ್ಲಿ ದಶಕಗಳ ಸಾಧನೆಯಿಂದ ತಂತಿಯ ಗಾಡಿಜಾಡು ಬಿದ್ದಿರುತ್ತದೆ. ಬೇರೆ ತಂತಿಗಳು ಝೇಂಕರಿಸುತ್ತಿರುವಾಗ ಒಂದು ಮಾತ್ರ ಮೂಗು ಕಟ್ಟಿದಂತೆ ನುಡಿದರೆ ಅದರ ಜಾಡನ್ನು ನೋಡಿ. ಇದನ್ನು ಅರದಿಂದ ಉಜ್ಜುವ ಸಾಹಸ ಮನೆಯಲ್ಲಿ ಬೇಡ, ಬಲ್ಲವರ ಕೈಗೇ ಹೋಗಬೇಕು.

ಬಳಸುತ್ತಲೇ ಇರುವ ವಾದ್ಯಕ್ಕೆ ಈ ಅವಸ್ಥೆ ಕಡಿಮೆ. ಚಿಕ್ಕಲ್ಲೂರಿನ ಜಾತ್ರೆಗೆ ಬರುವ ನೀಲಗಾರರ ತಂಬೂರಿಗೆ ಅಟ್ಟ ಹತ್ತುವಷ್ಟು ಬಿಡುವಿಲ್ಲ. ಮಂಟೇಸ್ವಾಮಿಯ ಕಥೆ ಹಾಡುತ್ತಾ ಹಾಡುತ್ತಾ ಸಡಿಲವಾದದ್ದನ್ನು ಅಲ್ಲಲ್ಲೇ ಬಿಗಿ ಮಾಡಿಕೊಳ್ಳುತ್ತಾರೆ.

ದುರಸ್ತಿಗೆ ಕೊಡುವ ಮುನ್ನ ನಾಲ್ಕೂ ಕಡೆಯಿಂದ ಫೋಟೊ ತೆಗೆದು, ಮೇರುವಿನಿಂದ ಕುದುರೆಗೆ, ಹನ್ನೆರಡನೇ ಮೆಟ್ಟಿಲಿಗೆ ಇರುವ ಅಳತೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಒಳ್ಳೆಯದು. ಪಾಲಿಶ್ ಮಾಡಿಸಿ ಹೊಸದರಂತೆ ಮಾಡಿಕೊಡಿ ಎಂದು ಕೇಳುವ ತಂದೆತಾಯಿಯರೇ ಹೆಚ್ಚು. ಉಪ್ಪುಕಾಗದ ಹಾಕಿ ಉಜ್ಜಿದರೆ ಹಲಗೆ ತೆಳುವಾಗುತ್ತದೆ, ನಾದ ಬದಲಾಗುತ್ತದೆ, ಅಜ್ಜಿಯ ಕೈ ಸವೆಸಿದ ಗುರುತೂ ಹೋಗುತ್ತದೆ. ಮಾರುವ ಯೋಚನೆ ಇದ್ದವರು ಇನ್ನೊಂದು ವಿಷಯ ಗಮನಿಸಬೇಕು. ಹಳೆಯದೆಂದ ಮಾತ್ರಕ್ಕೆ ವೀಣೆಗೆ ಬೆಲೆ ಬರುವುದಿಲ್ಲ. ಕೆತ್ತನೆಯಲ್ಲಿ ಆನೆದಂತ ಅಥವಾ ಜಿಂಕೆಯ ಕೊಂಬು ಇದ್ದರಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಡ್ಡ ಬರುತ್ತದೆ. ಅರಣ್ಯ ಇಲಾಖೆಯನ್ನು ವಿಚಾರಿಸದೆ ಕೈ ಬದಲಾಯಿಸುವಂತಿಲ್ಲ. ದಂತದ ವ್ಯವಹಾರ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಮಲೆ ಮಹದೇಶ್ವರ ಬೆಟ್ಟದ ಸೀಮೆಯವರಿಗೆ ಬೇರೆ ಹೇಳಬೇಕಾಗಿಲ್ಲ.

ಕೊಳ್ಳೇಗಾಲದ ಆ ಮನೆಯಲ್ಲಿ ಈಗ ದರ್ಜಿಯ ಟೇಪು ಹೊರಬಂದಿದೆ ಎಂದುಕೊಳ್ಳಿ. ಹುಡುಗಿ ಅಳೆದು ಹೇಳುತ್ತಾಳೆ, ಅಪ್ಪ ಬರೆದುಕೊಳ್ಳುತ್ತಾರೆ. ಒಂದು ಸೆಂಟಿಮೀಟರಿಗೆ ಚೂರು ಕಡಿಮೆ ವ್ಯತ್ಯಾಸ. ಟಾರ್ಚು ಓರೆಯಾಗಿ ಹಿಡಿದಾಗ ಹಲಗೆಯ ಹಳೆಯ ಮೆರುಗಿನಲ್ಲಿ ಕುದುರೆಯ ಪಾದ ಮೊದಲು ಕೂತಿದ್ದ ಮಸುಕು ಗುರುತು ಕಾಣುತ್ತದೆ. ತಂತಿಗಳನ್ನು ಬಿಚ್ಚದೆ, ಒಂದೊಂದೇ ಸಡಿಲಿಸಿ, ಕುದುರೆಯನ್ನು ಆ ಗುರುತಿಗೆ ಸರಿಸಿ, ಮತ್ತೆ ಶ್ರುತಿ ಮಾಡುತ್ತಾರೆ. ಬೆರಳು ತಾಗಿಸಿದ ಷಡ್ಜ, ಒತ್ತಿದ ಷಡ್ಜ ಎರಡೂ ಕೂಡುತ್ತವೆ. ಪಂಚಮದ ಬಿರಡೆ ಮಾತ್ರ ಜಾರುತ್ತಲೇ ಇದೆ. ಒಣಹವೆಗೆ ಬಿರಡೆ ಕುಗ್ಗಿದೆ, ಅಷ್ಟೇ. ನಾಳೆ ಶಾಲೆಯಿಂದ ಬರುವಾಗ ಮೇಷ್ಟರನ್ನು ಕೇಳಿ ಒಂದು ತುಂಡು ಸೀಮೆಸುಣ್ಣ ತಂದು ಅದಕ್ಕೆ ಸವರಬೇಕು.