ನಿಮಗಿದು ಗೊತ್ತೆ? ಕಾಗದದ ಮೇಲೆ ಸಿಕ್ಕ ಗಾಳಿ!

ಗಾಳಿಯ ಒಂದು ದೊಡ್ಡ ಗುಟ್ಟು ಬಯಲಾದದ್ದು ಆಕಾಶ ನೋಡಿ ಅಲ್ಲ, ಕಾಗದ ನೋಡಿ!

ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1861ರಲ್ಲಿ ಯುರೋಪಿನ ಹವಾಮಾನ ವೀಕ್ಷಕರಿಗೆ ಪತ್ರ ಬರೆದ. ಡಿಸೆಂಬರ್ ತಿಂಗಳು ಪೂರ್ತಿ, ದಿನಕ್ಕೆ ಮೂರು ಹೊತ್ತು, ವಾಯುಭಾರ, ತಾಪಮಾನ, ಗಾಳಿಯ ದಿಕ್ಕು, ಮೋಡ, ಮಳೆ ಎಲ್ಲವನ್ನೂ ಬರೆದು ಕಳಿಸಿ ಎಂದು ಕೇಳಿಕೊಂಡ. ಅಂಕಿಗಳ ರಾಶಿಯೇ ಬಂದು ಬಿತ್ತು. ಪಟ್ಟಿಯಲ್ಲಿ ಓದಿದರೆ ಅದರ ತಲೆಬುಡ ತಿಳಿಯುವಂತಿರಲಿಲ್ಲ.

ಆತ ಅಂಕಿಗಳನ್ನು ಪುಟ್ಟ ಪುಟ್ಟ ಚಿಹ್ನೆಗಳಾಗಿಸಿ ನಕ್ಷೆಯ ಮೇಲೆ ಕೂರಿಸಿದ. 31 ದಿನಕ್ಕೆ 93 ನಕ್ಷೆ! ಒಂದೊಂದು ದಿನವನ್ನೂ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಅಕ್ಕಪಕ್ಕ ಇಟ್ಟು ನೋಡಿದ. ವಾಯುಭಾರ ಕುಸಿದ ಕಡೆ ಗಾಳಿ ಅಪ್ರದಕ್ಷಿಣವಾಗಿ ಸುತ್ತುತ್ತಿತ್ತು. ಅದು ಮೊದಲೇ ತಿಳಿದಿದ್ದ ಸಂಗತಿ. ಆದರೆ ಭಾರ ಹೆಚ್ಚಿದ ಕಡೆ ಅದೇ ಗಾಳಿ ದೇವಸ್ಥಾನ ಸುತ್ತುವಂತೆ ಪ್ರದಕ್ಷಿಣೆ ಹಾಕುತ್ತಿತ್ತು! ಗಾಲ್ಟನ್ ಇದಕ್ಕೆ ‘ಆ್ಯಂಟಿಸೈಕ್ಲೋನ್’ ಎಂದು ಹೆಸರಿಟ್ಟ. ಹವಾಮಾನ ವರದಿಗಳಲ್ಲಿ ಇಂದಿಗೂ ಅದೇ ಹೆಸರು. (ಭೂಮಧ್ಯರೇಖೆಯ ದಕ್ಷಿಣಕ್ಕೆ ಹೋದರೆ ಎರಡೂ ಸುತ್ತು ತಿರುಗುಮುರುಗು.)

ಕಂಪ್ಯೂಟರ್ ಇಲ್ಲದ ಕಾಲವದು. ಐದಾರು ಬಗೆಯ ಅಂಕಿಗಳನ್ನು ಒಂದೇ ನೋಟಕ್ಕೆ ಸಿಗುವಂತೆ ಮಾಡಿದ್ದೇ ಈ ಸಾಧನೆಯ ಜೀವಾಳ. ಆ ನಕ್ಷೆಗಳು 1863ರಲ್ಲಿ ‘ಮೀಟಿಯೊರೊಗ್ರಾಫಿಕಾ’ ಪುಸ್ತಕವಾಗಿ ಬಂದವು.

ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ 1875ರ ಏಪ್ರಿಲ್ 1ರಂದು ಮೊದಲ ಬಾರಿ ಹವಾಮಾನ ನಕ್ಷೆ ಅಚ್ಚು ಹಾಕಿತು. ಅದನ್ನು ಸಿದ್ಧಪಡಿಸಿದವನೂ ಗಾಲ್ಟನ್ನನೇ. ಅದರಲ್ಲಿದ್ದದ್ದು ಹಿಂದಿನ ದಿನದ ಹವೆ.