ಘೋಸ್ಟ್ ಹಂಟ್: ಕತೆ ಒಂದೇ, ಮುಕ್ತಾಯ ಎರಡು

‘ಘೋಸ್ಟ್ ಹಂಟ್’ ದೆವ್ವದ ಕತೆಯೂ ಹೌದು, ಪತ್ತೇದಾರಿ ಕತೆಯೂ ಹೌದು. ಇದರ ಮೂಲ ಜಪಾನಿನ ಲೇಖಕಿ ಫುಯುಮಿ ಓನೊ 1989ರಿಂದ ಬರೆದ ಕಾದಂಬರಿ ಮಾಲೆ. ಅದನ್ನು ಶಿಹೊ ಇನಾಡಾ 1998ರಲ್ಲಿ ಮಾಂಗಾ, ಅಂದರೆ ಚಿತ್ರಕತೆಯಾಗಿ ಬಿಡಿಸತೊಡಗಿದರು. 12 ಸಂಪುಟಗಳ ಆ ಕೆಲಸ ಮುಗಿದದ್ದು 2010ರಲ್ಲಿ. ಈ ನಡುವೆ ಜೆ.ಸಿ. ಸ್ಟಾಫ್ ಸ್ಟುಡಿಯೊ ತಯಾರಿಸಿದ 25 ಕಂತುಗಳ ಅನಿಮೆ, ಅಂದರೆ ಅನಿಮೇಷನ್ ಧಾರಾವಾಹಿ, 2006ರ ಅಕ್ಟೋಬರ್‌ನಿಂದ 2007ರ ಮಾರ್ಚ್‌ವರೆಗೆ ಟಿವಿ ಟೋಕಿಯೊದಲ್ಲಿ ಪ್ರಸಾರವಾಯಿತು.

ಮಾಂಗಾ, ಅನಿಮೆ ಎರಡರಲ್ಲೂ ಪಾತ್ರವರ್ಗ ಒಂದೇ. ಹದಿನೇಳರ ಕಜುಯಾ ಶಿಬುಯಾ ಅತೀಂದ್ರಿಯ ಘಟನೆಗಳ ತನಿಖಾ ಕಚೇರಿ ನಡೆಸುತ್ತಾನೆ. ಅವನ ಜಂಬ ಕಂಡು ಸಹಾಯಕಿ ಮಾಯಿ ಇಟ್ಟ ಅಡ್ಡಹೆಸರು ನಾರು, ‘ನಾರ್ಸಿಸಿಸ್ಟ್’ ಎಂಬುದರ ಮೊಟಕು. ಬೌದ್ಧ ಭಿಕ್ಷು, ಶಿಂಟೊ ಅರ್ಚಕಿ, ಆಸ್ಟ್ರೇಲಿಯಾದ ಪಾದ್ರಿ, ಪ್ರೇತಗಳ ಇರವನ್ನು ಗುರುತಿಸುವ ಹುಡುಗಿ, ಹೀಗೆ ನಾನಾ ಪಂಥದವರು ಜೊತೆಗಿರುತ್ತಾರೆ. ಆದರೆ ನಾರು ಮೊದಲು ನಂಬುವುದು ಕ್ಯಾಮೆರಾ, ಮೈಕ್ ಮತ್ತು ಉಷ್ಣಮಾಪಕಗಳನ್ನು.

ಮೊದಲ ಪ್ರಕರಣವೇ ಇದಕ್ಕೆ ಸಾಕ್ಷಿ. ಹಳೆಯ ಶಾಲಾ ಕಟ್ಟಡದಲ್ಲಿ ದೆವ್ವವಿದೆ ಎಂಬ ಪುಕಾರು. ನೆಲ ಕುಸಿಯುತ್ತಿರುವುದರಿಂದ ಕಟ್ಟಡ ವಾಲುತ್ತಿದೆ ಎಂದು ನಾರು ತೋರಿಸಿಕೊಡುತ್ತಾನೆ. ಅದಕ್ಕೂ ನಿಲುಕದ ಘಟನೆಗಳು ಉಳಿದಾಗ, ಎಲ್ಲರನ್ನೂ ಸಮ್ಮೋಹನಕ್ಕೆ ಒಳಪಡಿಸಿ, ರಾತ್ರಿ ಕುರ್ಚಿ ಅಲುಗುತ್ತದೆ ಎಂದು ಸೂಚಿಸುತ್ತಾನೆ. ಬೀಗ ಹಾಕಿದ ಕೋಣೆಯಲ್ಲಿ ಕುರ್ಚಿ ಅಲುಗುತ್ತದೆ. ಕಾರಣ ಪ್ರೇತವಲ್ಲ, ತನ್ನ ಶಕ್ತಿಯ ಅರಿವೇ ಇಲ್ಲದ ಒಬ್ಬ ವಿದ್ಯಾರ್ಥಿನಿ.

ಇಂಥ ತರ್ಕಕ್ಕೆ ಮಾಂಗಾ ಹೆಚ್ಚು ಒಗ್ಗುತ್ತದೆ. ಓದುಗರು ಪುಟ ಹಿಂದಕ್ಕೆ ತಿರುಗಿಸಿ ಸುಳಿವುಗಳನ್ನು ತಾಳೆ ನೋಡಬಹುದು. ಮಾಯಿಯ ಮನದ ಮಾತು, ಅವಳ ಸಿಡುಕು, ನಾರುವಿನ ಮೇಲಿನ ಒಲವು ಚಿತ್ರಗಳ ಮಗ್ಗುಲಲ್ಲೇ ಸಾಗುವುದರಿಂದ ಹಾಸ್ಯಕ್ಕೂ ಎಡೆಯುಂಟು. ಅನಿಮೆಯ ಬಲ ಇರುವುದು ದನಿಯಲ್ಲಿ. ತೊಶಿಯೊ ಮಸುದಾ ಅವರ ಸಂಗೀತದ ಆರಂಭದ ಶೀರ್ಷಿಕೆಗೆ ಹಾಡಿಲ್ಲ, ಬರೀ ವಾದ್ಯ. ಖಾಲಿ ಕಾರಿಡಾರಿನ ಸದ್ದು, ಕ್ಯಾಮೆರಾ ಪರದೆಯಲ್ಲಿ ಏನೂ ನಡೆಯದ ಕ್ಷಣಗಳು ನೋಡುಗರನ್ನು ಕಾಯಿಸುತ್ತವೆ. ಕಾಗದದ ಮೇಲೆ ಆ ಕಾಯುವಿಕೆಯ ಅವಧಿ ಓದುಗರ ಕೈಯಲ್ಲಿರುತ್ತದೆ. ಪರದೆಯ ಮೇಲೆ ಅದು ನಿರ್ದೇಶಕ ರೇಯಿ ಮಾನೊ ಅವರ ಹಿಡಿತದಲ್ಲಿದೆ.

ಅನಿಮೆ ಎಂಟು ಪ್ರಕರಣಗಳನ್ನು ಹೇಳುತ್ತದೆ. ಉದ್ಯಾನದ ದೆವ್ವಕ್ಕೆ ಒಂದೇ ಕಂತು ಸಾಕಾಗುತ್ತದೆ. ಶಾಲಾ ಮಕ್ಕಳು ಆಟವೆಂದು ಆಡಿದ್ದು ಮಾಟವಾಗಿ, ಪ್ರೇತಗಳು ಒಂದನ್ನೊಂದು ತಿಂದು ಬಲಿಯುವ ಪ್ರಕರಣಕ್ಕೆ ನಾಲ್ಕು ಕಂತುಗಳಿವೆ.

ದೊಡ್ಡ ಅಂತರ ಕಾಣುವುದು ಕೊನೆಯಲ್ಲಿ. ಮಾಯಿಯ ಕನಸಿನಲ್ಲಿ ನಗುಮೊಗದ ನಾರು ಬಂದು ದಾರಿ ತೋರುತ್ತಿರುತ್ತಾನೆ. ಎಚ್ಚರದಲ್ಲಿ ಕಾಣುವ ನಾರು ಬಿಗುಮಾನದವನು. ಅನಿಮೆ ಎಂಟನೇ ಪ್ರಕರಣಕ್ಕೇ ನಿಲ್ಲುವುದರಿಂದ ಈ ಒಗಟು ಬಿಡಿಸದೆ ಉಳಿಯುತ್ತದೆ. ಮಾಂಗಾ ಕಾದಂಬರಿಯ ಕೊನೆಯ ಪ್ರಕರಣವನ್ನೂ ಒಳಗೊಂಡಿದೆ. ನಾರುವಿನ ನಿಜ ಹೆಸರು ಆಲಿವರ್ ಡೇವಿಸ್, ಬ್ರಿಟನ್ನಿನ ಸಂಶೋಧಕ. ಜಪಾನಿನಲ್ಲಿ ಸತ್ತ ಅವಳಿ ಸೋದರ ಯೂಜೀನನ ಶವ ಹುಡುಕಲು ಬಂದವನು. ಕನಸಿನಲ್ಲಿ ಬರುತ್ತಿದ್ದವನು ಆ ಸೋದರನೇ. ಬಿಡಿ ಪ್ರಕರಣಗಳ ಹಿಂದೆ ಮೊದಲಿನಿಂದಲೂ ಒಂದು ದೊಡ್ಡ ತನಿಖೆ ನಡೆದಿತ್ತೆಂದು ಆಗ ತಿಳಿಯುತ್ತದೆ. ಅನಿಮೆ ಮಾತ್ರ ನೋಡಿದವರಿಗೆ ಇದು ಎಂಟು ಭಯಾನಕ ಕತೆಗಳ ಗುಚ್ಛ; ಮಾಂಗಾ ಓದಿದವರಿಗೆ ಒಂದೇ ದೀರ್ಘ ಕತೆ.