ಅಲೆ ಸರಿದ ಮರಳಿನಲ್ಲಿ ಧ್ರುವಪ್ರಭೆ

ನಾರ್ವೆಯ ಲೋಫೋಟೆನ್ ದ್ವೀಪಗಳಲ್ಲಿ ಧ್ರುವಪ್ರಭೆಯ ಫೋಟೊಗೆಂದು ಹೊರಡುವವರು ಎರಡು ಪಟ್ಟಿಗಳನ್ನು ನೋಡಿಕೊಳ್ಳುತ್ತಾರೆ. ಒಂದು ಸೂರ್ಯನ ಚಟುವಟಿಕೆಯ ಮುನ್ಸೂಚನೆ, ಇನ್ನೊಂದು ಕಡಲಿನ ಭರತ-ಇಳಿತದ ವೇಳೆ. ಎರಡನೆಯದೇ ಹೆಚ್ಚು ನಂಬಿಕಸ್ಥ.

ಆರ್ಕ್‌ಟಿಕ್ ವೃತ್ತದ ಆಚೆ, 68 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೂ ಇಲ್ಲಿನ ಕಡಲು ಹೆಪ್ಪುಗಟ್ಟುವುದಿಲ್ಲ. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹದ ಕೃಪೆ. ಹಾಗಾಗಿ ನಡುಚಳಿಗಾಲದಲ್ಲೂ ಉಟ್ಟಾಕ್ಲೈವ್, ಸ್ಕಾಗ್‌ಸಾಂಡೆನ್ ತೀರಗಳಲ್ಲಿ ಅಲೆಯ ಅಂಚಿಗೇ ಟ್ರೈಪಾಡ್ ನಿಲ್ಲುತ್ತದೆ. ಬೇಸಿಗೆಯಲ್ಲಿ ಸೂರ್ಯನೇ ಮುಳುಗುವುದಿಲ್ಲವಾದ್ದರಿಂದ ಆಗ ಈ ಕಸುಬಿಗೆ ರಜೆ.

ಟ್ರೈಪಾಡಿನ ಕಾಲುಗಳನ್ನು ಒತ್ತಿ ಮರಳಿನೊಳಕ್ಕೆ ಇಳಿಸಬೇಕು. ಹಿಂದೆ ಸರಿಯುವ ಅಲೆ ಅವುಗಳ ಬುಡದ ಮರಳನ್ನೂ ಎಳೆದೊಯ್ಯುತ್ತದೆ. ಕ್ಯಾಮೆರಾ ಚೂರು ವಾಲಿದರೂ ನಕ್ಷತ್ರಗಳು ಗೆರೆಗಳಾಗುತ್ತವೆ. ನೀರು ಹೋದಮೇಲೆ ತೆಳ್ಳನೆಯ ಪಸೆ ಉಳಿಯುತ್ತದಲ್ಲ, ಆಕಾಶದ ಹಸಿರು ಮೂಡುವುದು ಅದರಲ್ಲಿ. ಮರಳು ಅದನ್ನು ಹೀರಿಕೊಳ್ಳುವುದರೊಳಗೆ ಚಿತ್ರ ಮುಗಿಯಬೇಕು. ಅಷ್ಟರಲ್ಲಿ ಲೆನ್ಸಿನ ಮೇಲೆ ಉಪ್ಪುಹನಿ ಕೂತಿದ್ದರೆ ಒರೆಸಿ, ಮುಂದಿನ ಅಲೆಗೆ ಕಾಯಬೇಕು.

ಅಪರ್ಚರ್ ಎಫ್ 2.8, ಐಎಸ್‌ಒ 1600ರಿಂದ 3200, ಫೋಕಸ್ ಕೈಯಿಂದಲೇ, ಒಂದು ಹೊಳೆವ ನಕ್ಷತ್ರದ ಮೇಲೆ. ಪ್ರಭೆ ಸುಮ್ಮನೆ ಹರಡಿಕೊಂಡಿದ್ದರೆ 10 ಸೆಕೆಂಡ್ ಸರಿ. ಕುಣಿಯತೊಡಗಿದರೆ ಎರಡು-ಮೂರಕ್ಕೆ ಇಳಿಯಬೇಕು. ಇಲ್ಲವಾದರೆ ಮಡಿಕೆಗಳೆಲ್ಲ ಕಲಸಿ ಹಸಿರು ಗಂಜಿಯಾಗುತ್ತದೆ. ಹೆಚ್ಚು ಮೆಚ್ಚುಗೆ ಗಿಟ್ಟಿಸುವುದು ಇಂಥ ಗಂಜಿಯೇ ಎಂಬುದು ಬೇರೆ ಮಾತು.

ಧ್ರುವಪ್ರಭೆಯ ಮೊದಲ ಫೋಟೊ 1892ರಲ್ಲಿ ಉತ್ತರ ನಾರ್ವೆಯಲ್ಲೇ ಸಿಕ್ಕಿತು; ತೆಗೆದವರು ಜರ್ಮನಿಯ ಮಾರ್ಟಿನ್ ಬ್ರೆಂಡೆಲ್. ಆಮೇಲೆ ನಾರ್ವೆಯ ಗಣಿತಜ್ಞ ಕಾರ್ಲ್ ಸ್ಟೋರ್ಮರ್ ದೂರದೂರದ ಎರಡು ಕಡೆ ಕ್ಯಾಮೆರಾ ಇಟ್ಟು, ಟೆಲಿಫೋನಿನಲ್ಲಿ ಮಾತಾಡಿಕೊಂಡು ಏಕಕಾಲಕ್ಕೆ ಕ್ಲಿಕ್ಕಿಸಿ, ಪ್ರಭೆಯ ಎತ್ತರವನ್ನೇ ಲೆಕ್ಕ ಹಾಕಿದರು. ಹಸಿರು ಸುಮಾರು 100ರಿಂದ 150 ಕಿ.ಮೀ. ಎತ್ತರದ ಆಮ್ಲಜನಕದ್ದು. ಕೆಂಪೂ ಆಮ್ಲಜನಕದ್ದೇ, ಆದರೆ 200 ಕಿ.ಮೀ.ಗೂ ಮೇಲಿನದು, ಬಹುದೂರದ ದಕ್ಷಿಣಕ್ಕೆ ಕಾಣುವುದು ಆ ಮೇಲ್ತುದಿ ಮಾತ್ರ. 2024ರ ಮೇ ತಿಂಗಳ ಸೌರ ಬಿರುಗಾಳಿಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿ ಇಟ್ಟಿರುವ ಕ್ಯಾಮೆರಾಗಳಿಗೂ ಕೆಂಪು ಬೆಳಕು ಸಿಕ್ಕಿತ್ತು.

ಕೊರೆವ ಚಳಿಯಿಂದ ಒಳಗೆ ಬರುವಾಗ ಕ್ಯಾಮೆರಾವನ್ನು ಗಾಳಿಯಾಡದ ಚೀಲದಲ್ಲಿ ಮುಚ್ಚಿಟ್ಟು, ನಿಧಾನಕ್ಕೆ ಬೆಚ್ಚಗಾಗಲು ಬಿಡಬೇಕು. ಇಲ್ಲವಾದರೆ ಲೆನ್ಸಿನ ಮೇಲೆಲ್ಲ ಹನಿಗಟ್ಟುತ್ತದೆ. ಮೆಮೊರಿ ಕಾರ್ಡನ್ನು ಹೊರಗೇ ತೆಗೆದು ಜೇಬಿಗೆ ಹಾಕಿಕೊಂಡ ಜಾಣರು ಅಂದೇ ಚಿತ್ರ ನೋಡುತ್ತಾರೆ. ಮಿಕ್ಕವರಿಗೆ ಬೆಳಗ್ಗೆಯೇ.